ನೆರೆಮನೆಯ ಅಜ್ಜಿಗಾಗಿ ಚರ್ಚಿನಲ್ಲಿ ಪೂಜೆ: ನಾವು ಹೋಗಬಹುದೇ?

ಪ್ರಶ್ನೆ: ನಮ್ಮ ಎದುರು ಮನೆಯ ಕ್ಯಾಥೊಲಿಕ್ ಅಜ್ಜಿ ಕಳೆದ ತಿಂಗಳು ತೀರಿಕೊಂಡರು. ನನ್ನ ಮಗಳನ್ನು ಎತ್ತಿ ಆಡಿಸಿದವರು. ನವೆಂಬರ್ 2ರಂದು ಚರ್ಚಿನಲ್ಲಿ ಪೂಜೆ ಇದೆ, ಬನ್ನಿ ಎಂದು ಅವರ ಮಗ ಕರೆದಿದ್ದಾರೆ. ನಮ್ಮತ್ತೆಯವರು, "ಅವರಲ್ಲಿ ಶ್ರಾದ್ಧ ಎಲ್ಲಿದೆ? ಹೋದರೆ ಮೈಲಿಗೆ" ಅನ್ನುತ್ತಾರೆ. ಹೋಗಬಹುದೇ? ಅಜ್ಜಿಗಾಗಿ ನಾವೇನಾದರೂ ಮಾಡಬಹುದೇ?
– ಒಬ್ಬ ಗೃಹಿಣಿ, ಬೆಂಗಳೂರು

ಉತ್ತರ: ತಾಯಿ, ಸಂಕೋಚವಿಲ್ಲದೆ ಹೋಗಿಬನ್ನಿ. ಸೂತಕ ಜ್ಞಾತಿಗಳಿಗೆ ಮಾತ್ರ, ನಿಮಗಿಲ್ಲ. ಪೂಜೆಯ ನಂತರ ಸಮಾಧಿಯ ಹತ್ತಿರ ಹೋದರೆ, ಮನೆಗೆ ಬಂದು ಸ್ನಾನ ಮಾಡಿ ದೀಪ ಹಚ್ಚಿ. ಅಷ್ಟೇ.

ಸತ್ತವರಿಗಾಗಿ ಪ್ರಾರ್ಥಿಸುವುದು ಕ್ಯಾಥೊಲಿಕರಲ್ಲಿ ಬಹಳ ಹಳೆಯದು. ಸಂತ ಅಗಸ್ಟೀನರ ತಾಯಿ ಮೋನಿಕಾ ಕ್ರಿ.ಶ. 387ರಲ್ಲಿ ಇಟಲಿಯ ಓಸ್ತಿಯಾದಲ್ಲಿ ತೀರಿಕೊಂಡರು. ತನ್ನ ದೇಹವನ್ನು ಎಲ್ಲಿ ಬೇಕಾದರೂ ಹೂಳಿ, ದೇವರ ಪೀಠದ ಮುಂದೆ ಮಾತ್ರ ನನ್ನನ್ನು ನೆನೆಯಿರಿ ಎಂದು ಆಕೆ ಮಕ್ಕಳಲ್ಲಿ ಕೇಳಿಕೊಂಡಿದ್ದರು. ನವೆಂಬರ್ 2ನ್ನು ಮೃತರೆಲ್ಲರ ಸ್ಮರಣೆಗೆಂದು ಗೊತ್ತುಮಾಡಿದವರು, ಸುಮಾರು ಸಾವಿರ ವರ್ಷಗಳ ಹಿಂದೆ, ಫ್ರಾನ್ಸಿನ ಕ್ಲೂನಿ ಮಠದ ಅಧಿಪತಿ ಓದಿಲೋ.

ಅವರ ನಂಬಿಕೆ ಹೀಗಿದೆ: ದೇವರ ಕೃಪೆಯಲ್ಲಿ ತೀರಿಕೊಂಡರೂ ಪೂರ್ಣ ಶುದ್ಧವಾಗದ ಆತ್ಮ ಸ್ವರ್ಗ ಸೇರುವ ಮುಂಚೆ ಶುದ್ಧೀಕರಣವನ್ನು ಹಾದುಹೋಗುತ್ತದೆ. ಬದುಕಿರುವವರ ಪ್ರಾರ್ಥನೆ, ಬಲಿಪೂಜೆ, ದಾನಧರ್ಮ ಅದಕ್ಕೆ ನೆರವಾಗುತ್ತವೆ. ಇಲ್ಲಿ ಪಿಂಡವಿಲ್ಲ, ಪುನರ್ಜನ್ಮವಿಲ್ಲ. ಆದ್ದರಿಂದ "ಇದು ನಮ್ಮ ಶ್ರಾದ್ಧವೇ" ಎಂದು ಅಲ್ಲಿ ಹೇಳಲು ಹೋಗಬೇಡಿ. ಕ್ರೈಸ್ತರೆಲ್ಲ ಹೀಗೇ ಅಂತಲೂ ತಿಳಿಯಬೇಡಿ. ಪ್ರಾಟೆಸ್ಟಂಟರಲ್ಲಿ ಹೆಚ್ಚಿನವರು ಸತ್ತವರ ಬದುಕಿಗಾಗಿ ದೇವರಿಗೆ ಕೃತಜ್ಞತೆ ಹೇಳುತ್ತಾರೆಯೇ ಹೊರತು ಅವರ ಆತ್ಮಕ್ಕಾಗಿ ಬೇಡುವುದಿಲ್ಲ. ಈ ಪ್ರಾರ್ಥನೆಗೆ ಆಧಾರವೆಂದು ಕ್ಯಾಥೊಲಿಕರು ತೋರಿಸುವ ಮಕ್ಕಬಿಯರ ಎರಡನೆಯ ಗ್ರಂಥವನ್ನು ಅವರು ಧರ್ಮಗ್ರಂಥವಾಗಿ ಒಪ್ಪುವುದಿಲ್ಲ.

ಒಂದು ಎಚ್ಚರಿಕೆ. ಪೂಜೆಯ ಕೊನೆಯ ಭಾಗದಲ್ಲಿ ಜನ ಸಾಲಾಗಿ ಹೋಗಿ ಪರಮಪ್ರಸಾದ ಸ್ವೀಕರಿಸುತ್ತಾರೆ. ಹೆಸರು ಕೇಳಿ ದೇವಸ್ಥಾನದ ಪ್ರಸಾದದಂತೆ ಅಂದುಕೊಂಡು ನೀವು ಎದ್ದು ಹೋಗಬೇಡಿ. ಅದು ಅವರ ದೀಕ್ಷಾಸ್ನಾನ ಪಡೆದವರಿಗೆ ಮೀಸಲು. ಕೂತಲ್ಲೇ ಕೂತು, ನಿಮ್ಮ ಇಷ್ಟದೇವರನ್ನು ನೆನೆದು, ಅಜ್ಜಿಗೆ ಸದ್ಗತಿ ಕೋರಿ. ಅದನ್ನು ಯಾರೂ ಬೇಡ ಅನ್ನುವುದಿಲ್ಲ.

ಅಜ್ಜಿಯ ಹೆಸರಲ್ಲಿ ಪ್ರತ್ಯೇಕ ಶ್ರಾದ್ಧ ಬೇಡ. ಆ ಕರ್ತವ್ಯ ಅವರ ಮಕ್ಕಳದು, ಅದನ್ನು ಅವರು ತಮ್ಮ ರೀತಿಯಲ್ಲಿ ನೆರವೇರಿಸುತ್ತಿದ್ದಾರೆ. ನಿಮ್ಮ ಯಜಮಾನರು ತರ್ಪಣ ಕೊಡುವವರಾದರೆ, ಕೊನೆಯಲ್ಲಿ ಬಂಧುಗಳಲ್ಲದವರಿಗೂ ನೀರು ಬಿಡುವ ಕ್ರಮವಿದೆಯಲ್ಲ, ಆಗ ಮನಸ್ಸಿನಲ್ಲಿ ಅಜ್ಜಿಯನ್ನು ನೆನೆದರೆ ಸಾಕು. ಹಸಿದವರೊಬ್ಬರಿಗೆ ಊಟ ಹಾಕಿದರೆ ಇನ್ನೂ ಒಳ್ಳೆಯದು.

ಹೋಗುವಾಗ ಹೂವು ತೆಗೆದುಕೊಂಡು, ಮಗಳನ್ನೂ ಕರೆದುಕೊಂಡು ಹೋಗಿ. ಅಜ್ಜಿ ಎತ್ತಿ ಆಡಿಸಿದ್ದು ಅವಳನ್ನೇ ಅಲ್ಲವೇ?