ಹಿಸ್ಸೆಯಾಗದ ಹೊಣೆ

2001ರ ಮಾರ್ಚ್ 29ರ ಸಂಜೆ, ಅಮೆರಿಕದ ಕೊಲರಾಡೊ ರಾಜ್ಯದ ಬೆಟ್ಟಗಳ ನಡುವಿನ ಆಸ್ಪೆನ್‌ನಲ್ಲಿ ಇಳಿಯಬೇಕಿದ್ದ ಬಾಡಿಗೆ ಜೆಟ್ಟೊಂದು ರನ್‌ವೇಗೆ ಸುಮಾರು 2,400 ಅಡಿ ಇರುವಾಗಲೇ ಗುಡ್ಡಕ್ಕೆ ಬಡಿಯಿತು. ಒಳಗಿದ್ದ 18 ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ. ರನ್‌ವೇ ಸರಿಯಾಗಿ ಕಾಣದಿದ್ದರೂ ಪೈಲಟ್‌ಗಳು ನಿಗದಿತ ಕನಿಷ್ಠ ಎತ್ತರಕ್ಕಿಂತ ಕೆಳಗಿಳಿದರು ಎಂದಿತು ಮರುವರ್ಷದ ತನಿಖಾ ವರದಿ.

ನಿಜವೇ. 'ಪೈಲಟ್ ತಪ್ಪು' ಎಂದ ಕೂಡಲೇ ನಮಗೆಲ್ಲ ಒಂದು ಬಗೆಯ ಸಮಾಧಾನ. ವರದಿ ಮಾತ್ರ ಅಲ್ಲಿಗೇ ನಿಲ್ಲುವುದಿಲ್ಲ. ರಾತ್ರಿಯ ನಿರ್ಬಂಧ ಹೇಳುವ ಸೂಚನೆಯ ಭಾಷೆ ಗೊಂದಲದ್ದು. ಆಸ್ಪೆನ್‌ನ ಕಂಟ್ರೋಲ್ ಟವರ್‌ಗೆ ಅದು ತಲುಪಿರಲೂ ಇಲ್ಲ. ಕತ್ತಲು, ಹಿಮ. ಇವುಗಳ ಜೊತೆಗೆ, ಗಿರಾಕಿಯ ಒತ್ತಡ.

ನನ್ನನ್ನು ಕಾಡುವುದು ಈ ಕೊನೆಯದು. ಪ್ರಯಾಣಿಕರು ತಡವಾಗಿ ಬಂದದ್ದರಿಂದ ಜೆಟ್ ಲಾಸ್ ಏಂಜಲೀಸ್ ಬಿಡುವಾಗಲೇ ಸುಮಾರು 40 ನಿಮಿಷ ತಡವಾಗಿತ್ತು. ಸೂರ್ಯ ಮುಳುಗಿ ಅರ್ಧ ಗಂಟೆ ಕಳೆದರೆ ಅದು ಆಸ್ಪೆನ್‌ನಲ್ಲಿ ಇಳಿಯುವಂತಿರಲಿಲ್ಲ. ಬೇರೆ ಊರಿಗೆ ಹೋಗಬೇಕಾದೀತು ಎಂದು ತಿಳಿದಾಗ ಬಾಡಿಗೆಗೆ ಹಿಡಿದವರು ಸಿಡಿಮಿಡಿಗೊಂಡರು. ಕ್ಯಾಪ್ಟನ್ ಇಂಥ ಮಾತು ತನ್ನಲ್ಲೇ ಇಟ್ಟುಕೊಳ್ಳಲಿ ಎಂದು ಕಂಪನಿಗೆ ಹೇಳಿಸಿದರು.

ಜೈನ ಚಿಂತನೆಯಲ್ಲಿ ಕರ್ಮ ಅಂಟಿಕೊಳ್ಳಲು ಕೈಯಾರೆ ಮಾಡಿಯೇ ಇರಬೇಕೆಂದಿಲ್ಲ. ಕೃತ, ಕಾರಿತ, ಅನುಮೋದಿತ: ಮಾಡಿದ್ದು, ಮಾಡಿಸಿದ್ದು, ಆಗಲಿ ಎಂದು ಒಪ್ಪಿದ್ದು, ಮೂರೂ ಲೆಕ್ಕಕ್ಕೆ ಬರುತ್ತವೆ. ಈ ಗಿರಾಕಿ ಯಾವುದರಲ್ಲಿ ಬರುತ್ತಾರೆ? ಅವರೂ ಅದೇ ವಿಮಾನದಲ್ಲಿದ್ದು ಸತ್ತರು. ಅಪಾಯ ಗೊತ್ತಿದ್ದರೆ ಹಾಗೆ ಹೇಳಿಸುತ್ತಿರಲಿಲ್ಲ ಎನ್ನಬಹುದು. ಆದರೆ ಗೊತ್ತಿದ್ದವನ ಬಾಯಿ ಮುಚ್ಚಿಸಿ ಉಳಿಸಿಕೊಂಡ ಅಜ್ಞಾನ ಎಂಥದ್ದು? ದುಡ್ಡು ಕೊಟ್ಟವನಿಗೆ ಎಚ್ಚರಿಕೆಯ ಮಾತೂ ಚೌಕಾಸಿಯಂತೆ ಕೇಳಿಸಿಬಿಡುತ್ತದೆ. (ಟ್ಯಾಕ್ಸಿಯ ಹಿಂದಿನ ಸೀಟಿನಲ್ಲಿ ಕೂತು 'ಇನ್ನಷ್ಟು ಬೇಗ ಹೋಗಪ್ಪಾ' ಎಂದವರೆಲ್ಲ ಇಲ್ಲಿ ತುಸು ನಿಧಾನಿಸಬಹುದು.)

ಹಾಗಾದರೆ ಕ್ಯಾಪ್ಟನ್ ಹೊಣೆ ಕಡಿಮೆಯಾಯಿತೇ? ಎಳ್ಳಷ್ಟೂ ಇಲ್ಲ. ತಮಗಿಂತ ಮುಂದಿದ್ದ ವಿಮಾನ ಇಳಿಯಲಾಗದೆ ಮತ್ತೆ ಮೇಲೇರಿದ್ದು ಆ ಪೈಲಟ್‌ಗಳಿಗೆ ಗೊತ್ತಿತ್ತು. ಹೊಣೆಯೆಂಬುದು ಅಣ್ಣತಮ್ಮಂದಿರು ಹಿಸ್ಸೆ ಮಾಡಿಕೊಳ್ಳುವ ಜಮೀನಲ್ಲ. ಇನ್ನೊಬ್ಬ ಬಂದನೆಂದು ಮೊದಲಿನವನದು ಕುಗ್ಗುವುದಿಲ್ಲ. ತಪ್ಪನ್ನು ಹಂಚಿದರೆ ತಪ್ಪಿತಸ್ಥ ಪಾರಾಗುತ್ತಾನೆಂಬ ನಮ್ಮ ಭಯ ಹುಟ್ಟುವುದೇ ಈ ಹಿಸ್ಸೆಯ ಲೆಕ್ಕದಿಂದ.

ಕಾನೂನಿನಲ್ಲಿ ಕೊನೆಯ ಮಾತು ಕ್ಯಾಪ್ಟನ್‌ದೇ. ಅದು ಹಾಗೇ ಇರಬೇಕು. ಆದರೆ ಆ ಅಧಿಕಾರವೇ ಉಳಿದವರಿಗೆ ನೆಪವೂ ಆಗುತ್ತದೆ: ನಾವು ಬರೀ ಕೇಳಿದೆವು, ಇಳಿಸಿದವನು ಅವನು. 'ಇಳಿಯುವುದಿಲ್ಲ' ಎಂದರೆ ಗಿರಾಕಿ ಕೈತಪ್ಪುತ್ತಾನೆ. ಆ ನಷ್ಟ ಕಂಪನಿಯದು, ಪೈಲಟ್‌ನದಲ್ಲ ಎಂದು ಮೊದಲೇ ಖಚಿತವಾಗಿರದಿದ್ದರೆ ಆ ಅಧಿಕಾರ ಕಾಗದದ ಮೇಲಷ್ಟೇ ಉಳಿಯುತ್ತದೆ. ಸಿಟ್ಟಿನ ಫೋನು ಕಂಪನಿಯ ಕಚೇರಿಯಲ್ಲೇ ನಿಲ್ಲಬೇಕು, ಕಾಕ್‌ಪಿಟ್‌ವರೆಗೆ ಹೋಗಕೂಡದು.