ಕಾಣದ ಆಟಕ್ಕೆ ಸಾಕ್ಷಿ

ಸವಣೂರು ಎಂದೊಡನೆ ಅನೇಕರಿಗೆ ಹಾವೇರಿಯ ಕಡೆಯ ಸವಣೂರು ನೆನಪಾಗುತ್ತದೆ. ನಮ್ಮದು ಪುತ್ತೂರಿನಿಂದ ಕಾಣಿಯೂರಿಗೆ ಹೋಗುವ ದಾರಿಯ ಸವಣೂರು. ಅಡಕೆ, ಮಳೆ, ಯಕ್ಷಗಾನ ಮೂರೂ ಧಾರಾಳವಾಗಿರುವ ಊರು. 1983ರ ಜೂನ್ 25ರ ರಾತ್ರಿ ಇಲ್ಲಿಯ ಒಂದು ದಿನಸಿ ಅಂಗಡಿಯಲ್ಲಿ ನಡೆದ ಕಥೆಯನ್ನು ನನ್ನ ತಂದೆ ಎಷ್ಟು ಸಲ ಹೇಳಿದ್ದರೋ ಲೆಕ್ಕವಿಲ್ಲ. ಹೊರಗೆ ಜಡಿಮಳೆ; ಅಂಗಡಿಯ ಹಲಗೆಗಳನ್ನು ಅರ್ಧ ಹಾಕಿಯಾಗಿದೆ; ಅಕ್ಕಿ ಮೂಟೆಗಳ ಮೇಲೆ ಏಳು ಮಂದಿ, ನಡುವೆ ಒಂದು ಟ್ರಾನ್ಸಿಸ್ಟರು. ನಡುರಾತ್ರಿಯ ಹೊತ್ತಿಗೆ ಲಾರ್ಡ್ಸ್ ಮೈದಾನದಲ್ಲಿ ಮೊಹಿಂದರ್ ಅಮರನಾಥರು ಹೋಲ್ಡಿಂಗರ ವಿಕೆಟ್ಟನ್ನು ಉರುಳಿಸಿದರು. ಭಾರತ 43 ಓಟಗಳಿಂದ ವಿಶ್ವಕಪ್ ಗೆದ್ದಿತು. ಆ ಕ್ಷಣದಲ್ಲಿ ತಂದೆ ನೆಗೆದು, ಮೇಲಿನ ತೊಲೆಗೆ ತಲೆ ಬಡಿದುಕೊಂಡರಂತೆ. ಆ ಪೆಟ್ಟಿನ ಜಾಗವನ್ನು ಮುಟ್ಟಿ ತೋರಿಸಿಯೇ ಅವರು ಕಥೆಯನ್ನು ಮುಗಿಸುತ್ತಿದ್ದರು.

ತಂದೆ ಈಗಿಲ್ಲ. ಆ ಏಳು ಮಂದಿಯಲ್ಲಿ ಒಬ್ಬರಾದ ಹಿರಿಯರು ಈಚೆಗೆ ನಮ್ಮ ಮನೆಗೆ ಬಂದಿದ್ದಾಗ ನಾನು ಅಭಿಮಾನದಿಂದ ಈ ಕಥೆಯನ್ನೆತ್ತಿದೆ. ಅವರು ಕೇಳಿ ನಕ್ಕರು. “ನಿನ್ನ ಅಪ್ಪ ಆ ದಿನ ಅಲ್ಲಿ ಇರ್ಲೇ ಇಲ್ಲ ಮಾರಾಯ. ಆರೇ ಜನ ಇದ್ದದ್ದು. ನಿನಗೆ ಜೋರು ಜ್ವರ. ಅವ ಮನೆಯಲ್ಲಿ ನಿನ್ನ ಹತ್ರ ಕೂತಿದ್ದ. ಮರುದಿನ ಬೆಳಗ್ಗೆ ಬಂದು ನಮ್ಮ ಹತ್ರ ಎಲ್ಲ ಕೇಳಿ ತಿಳಿದುಕೊಂಡ.” ಸ್ವಲ್ಪ ತಡೆದು ಮತ್ತೆ ಹೇಳಿದರು: “ಅವ ಅಲ್ಲಿದ್ದೆ ಅಂದದ್ದಕ್ಕೆ ನನಗೇನೂ ಬೇಜಾರಿಲ್ಲ. ಆದರೆ ಆ ತೊಲೆಗೆ ಬಡಿದ ತಲೆ ನನ್ನದಲ್ವಾ?”

ಅಂದಿನಿಂದ ನನ್ನ ಮನಸ್ಸನ್ನು ಒಂದು ಪ್ರಶ್ನೆ ಕಾಡುತ್ತಿದೆ. ನನ್ನ ತಂದೆ ಸುಳ್ಳು ಹೇಳಿದರೇ? ನಡೆದುಹೋದ ಗೆಲುವೊಂದನ್ನು ಮತ್ತೆ ಹೇಳುವವನಿಗೆ ಕಲ್ಪನೆಯ ಅಧಿಕಾರ ಎಷ್ಟರ ಮಟ್ಟಿಗೆ ಉಂಟು?

ಇದೇ ವಿಶ್ವಕಪ್ಪಿನ ಕಥೆಯನ್ನು ಹೇಳುವ ‘83’ ಎಂಬ ಚಲಚ್ಚಿತ್ರ 2021ರ ಡಿಸೆಂಬರಿನಲ್ಲಿ ತೆರೆಕಂಡಿತು. ಕಬೀರ್ ಖಾನ್ ಅದರ ನಿರ್ದೇಶಕರು. ಕನ್ನಡದ ಮಾತುಗಳನ್ನು ಕೂಡಿಸಿದ ಪ್ರತಿಯೂ ಬಂದಿತ್ತು. ಅದರಲ್ಲಿ 1983ರ ಜೂನ್ 18ರಂದು ಟನ್‌ಬ್ರಿಜ್ ವೆಲ್ಸ್‌ನಲ್ಲಿ ಜಿಂಬಾಬ್ವೆಯ ವಿರುದ್ಧ ನಡೆದ ಆಟದ ಭಾಗವೊಂದಿದೆ. ಭಾರತ 17 ಓಟಗಳಿಗೆ 5 ವಿಕೆಟ್ ಕಳೆದುಕೊಂಡಿದ್ದಾಗ ಕಪಿಲ್ ದೇವ್ ಔಟಾಗದೆ 175 ಓಟ ಹೊಡೆದು ತಂಡವನ್ನು ಎತ್ತಿ ನಿಲ್ಲಿಸಿದ ಆಟ ಅದು. ಅದನ್ನು ದೂರದರ್ಶನಕ್ಕಾಗಿ ಯಾರೂ ಚಿತ್ರೀಕರಿಸಿರಲಿಲ್ಲ. ಮೈದಾನದಲ್ಲಿದ್ದ ಕೆಲವು ಸಾವಿರ ಕಣ್ಣುಗಳನ್ನು ಬಿಟ್ಟರೆ ಲೋಕ ಅದನ್ನು ಕಂಡಿಲ್ಲ. ಈಗ ರಣವೀರ್ ಸಿಂಗರ ಅಭಿನಯದಲ್ಲಿ ಕೋಟಿಗಟ್ಟಲೆ ಜನ ಅದನ್ನು ‘ಕಂಡಿದ್ದಾರೆ’. ನನ್ನ ವಿದ್ಯಾರ್ಥಿಗಳಿಗೆ ಆ 175 ಎಂದರೆ ಆ ನಟನ ಬ್ಯಾಟಿನ ಬೀಸು. ಇದು ಇತಿಹಾಸಕ್ಕೆ ಮಾಡಿದ ಉಪಕಾರವೋ ಅಪಚಾರವೋ?

ಇಂಥ ಪ್ರಯತ್ನ ನಮ್ಮಲ್ಲಿ ಮಾತ್ರ ನಡೆದದ್ದಲ್ಲ. 1968ರ ಏಪ್ರಿಲ್ 4ರಂದು ಅಥೆನ್ಸಿನ ಅಮೃತಶಿಲೆಯ ಪುರಾತನ ಕ್ರೀಡಾಂಗಣದಲ್ಲಿ ಏ.ಇ.ಕೆ. ಎಂಬ ಗ್ರೀಕ್ ಬ್ಯಾಸ್ಕೆಟ್‌ಬಾಲ್ ತಂಡ ಪ್ರಾಗಿನ ಸ್ಲಾವಿಯಾ ತಂಡವನ್ನು 89–82ರಿಂದ ಸೋಲಿಸಿ ಯುರೋಪಿನ ಕಪ್ಪೊಂದನ್ನು ಗೆದ್ದಿತು. ಕಾನ್‌ಸ್ಟಾಂಟಿನೋಪಲ್‌ನಿಂದ ನೆಲೆ ತಪ್ಪಿ ಬಂದ ನಿರಾಶ್ರಿತರು 1924ರಲ್ಲಿ ಕಟ್ಟಿದ ಸಂಘವದು. ಆಗ ಗ್ರೀಸಿನಲ್ಲಿ ಸೇನಾಧಿಕಾರಿಗಳ ಆಳ್ವಿಕೆ. ಅತ್ತ ಸೋತವರ ನಾಡಿನಲ್ಲಿ ಸ್ವಾತಂತ್ರ್ಯದ ಒಂದು ವಸಂತ ಅರಳುತ್ತಿತ್ತು, ಆಗಸ್ಟಿನಲ್ಲಿ ರಷ್ಯದ ಟ್ಯಾಂಕುಗಳು ಬಂದು ಅದನ್ನು ಹೊಸಕಿದವು. ಈ ಪಂದ್ಯವನ್ನು ಕುರಿತು ತಾಸೋಸ್ ಬುಲ್ಮೆಟಿಸ್ ಎಂಬ ನಿರ್ದೇಶಕರು ‘1968’ ಎಂಬ ಹೆಸರಿನಲ್ಲೇ, ಸಾಕ್ಷ್ಯಚಿತ್ರವೂ ನಾಟಕವೂ ಬೆರೆತ ಒಂದು ಚಿತ್ರವನ್ನು 2018ರಲ್ಲಿ ತಂದರು. ಆಟಗಾರರ ನಿಜವಾದ ನೆನಪುಗಳ ಜೊತೆಗೆ, ರೇಡಿಯೋಗೆ ಕಿವಿಗೊಟ್ಟು ಕುಳಿತ ಸಾಮಾನ್ಯ ಜನರ ಕಲ್ಪಿತ ದೃಶ್ಯಗಳನ್ನೂ ಅದರಲ್ಲಿ ಹೆಣೆಯಲಾಗಿದೆ. ಒಂದು ಗೆಲುವು ಮೈದಾನದಲ್ಲಿ ಎಷ್ಟು ನಡೆಯುತ್ತದೋ ಅಷ್ಟೇ ಅಂಗಡಿಯ ಅಕ್ಕಿ ಮೂಟೆಗಳ ಮೇಲೂ ನಡೆಯುತ್ತದೆ ಎಂಬುದು ಆ ನಿರ್ದೇಶಕರಿಗೆ ತಿಳಿದಿತ್ತು. ಇದನ್ನು ಹೇಳಲು ಕಲ್ಪನೆಯಲ್ಲದೆ ಅವರಿಗೆ ಬೇರೆ ಉಪಾಯವಿರಲಿಲ್ಲ. ಅಂಗಡಿಯವರ ದಾಖಲೆಯನ್ನು ಯಾರು ಇಡುತ್ತಾರೆ?

ಈ ವಿಚಾರದಲ್ಲಿ ನಮ್ಮ ಜಿಲ್ಲೆಯವರಿಗೆ ತಾಳಮದ್ದಳೆಗಿಂತ ಒಳ್ಳೆಯ ಗುರು ಇಲ್ಲ. ಪ್ರಸಂಗದ ಪದ್ಯ ಕವಿಯದು. ಅದಕ್ಕೆ ಅರ್ಥ ಹೇಳುವವನು ಕುಳಿತಲ್ಲೇ ಮಾತು ಕಟ್ಟುತ್ತಾನೆ. ಕರ್ಣ ಬೀಳುವನೆಂಬುದು ಸಭೆಗೆ ಮೊದಲೇ ಗೊತ್ತು. ಆದರೂ ಬೆಳಗಿನ ಜಾವದ ತನಕ ಕಣ್ಣು ಬಿಟ್ಟುಕೊಂಡು ಕುಳಿತಿರುತ್ತದೆ. ‘ಕರ್ಣ ಹೀಗೆಂದದ್ದು ನಿಜವೇ?’ ಎಂದು ಯಾರೂ ಕೇಳುವುದಿಲ್ಲ. ಆದರೆ ಅರ್ಜುನನ ಪಾತ್ರ ವಹಿಸಿದವನು ಕರ್ಣನ ಬಾಯಿ ಕಟ್ಟಿ ತಾನು ದೊಡ್ಡವನಾಗಹೊರಟರೆ ಅದೇ ಸಭೆ ಮುಖ ಸಿಂಡರಿಸುತ್ತದೆ. ಕೂಡಿಸಿದ್ದನ್ನು ಜನ ಕ್ಷಮಿಸುತ್ತಾರೆ; ಎದುರಿಗಿರುವವನ ಪಾಲನ್ನು ಕಳೆದರೆ ಕ್ಷಮಿಸುವುದಿಲ್ಲ. ನನಗೆ ತೋರುವಂತೆ, ಗೆಲುವಿನ ಕಥೆ ಹೇಳುವವರೆಲ್ಲರಿಗೂ ಹಿಡಿಯಬೇಕಾದ ಒರೆಗಲ್ಲು ಇದೇ.

ಈ ಒರೆಗಲ್ಲಿಗೆ ತಿಕ್ಕಿ ನೋಡೋಣ. ಟನ್‌ಬ್ರಿಜ್ ವೆಲ್ಸ್‌ನಲ್ಲಿ 140ಕ್ಕೆ 8 ವಿಕೆಟ್ ಬಿದ್ದಮೇಲೆ ಆಡಲು ಬಂದವರು ನಮ್ಮ ಕರ್ನಾಟಕದ ಸೈಯದ್ ಕಿರ್ಮಾನಿ. ಅವರು ಔಟಾಗದೆ ನಿಂತು 24 ಓಟ ಮಾಡಿದರು. ಮುರಿಯದ ಆ ಜೊತೆಯಾಟದಲ್ಲಿ 126 ಓಟಗಳು ಬಂದವು. ಕಿರ್ಮಾನಿ ಬಿದ್ದಿದ್ದರೆ 175 ಎಲ್ಲಿಂದ ಬರುತ್ತಿತ್ತು? ಅಂಕಪಟ್ಟಿ ಎರಡನ್ನೂ ಬರೆದಿಟ್ಟಿದೆ, ಜನರ ಬಾಯಿ ಒಂದನ್ನೇ ಉಳಿಸಿಕೊಂಡಿದೆ. ಆ ಇಡೀ ಪಂದ್ಯಾವಳಿಯಲ್ಲಿ ಎಲ್ಲರಿಗಿಂತ ಹೆಚ್ಚು, ಅಂದರೆ 18 ವಿಕೆಟ್ ಪಡೆದ ರೋಜರ್ ಬಿನ್ನಿಯವರೂ ನಮ್ಮವರೇ. ನಾವೇ ಅವರನ್ನು ಎಷ್ಟು ಸಲ ನೆನೆಯುತ್ತೇವೆ? ಒಂದು ಅಕ್ಷರವನ್ನೂ ಸುಳ್ಳು ಹೇಳದೆ, ಬರಿಯ ಮರೆವಿನಿಂದ, ನಾವು ದಿನವೂ ಇಂಥ ಕಳವು ಮಾಡುತ್ತಿರುತ್ತೇವೆ.

ಚಿತ್ರದ ಪಾತ್ರವರ್ಗದಲ್ಲಿ ನನ್ನ ಮನಸ್ಸನ್ನು ಹಿಡಿದ ಎರಡು ಸಂಗತಿಗಳಿವೆ. ಅಂತಿಮ ಪಂದ್ಯದ ಶ್ರೇಷ್ಠ ಆಟಗಾರರೆನಿಸಿದ ಮೊಹಿಂದರ್ ಅಮರನಾಥರು ಚಿತ್ರದಲ್ಲಿ ತಮ್ಮ ತಂದೆ ಲಾಲಾ ಅಮರನಾಥರ ಪಾತ್ರವನ್ನು ವಹಿಸಿದ್ದಾರೆ. ಸೋತ ವೆಸ್ಟ್ ಇಂಡೀಸ್ ತಂಡದ ಮಾಲ್ಕಮ್ ಮಾರ್ಷಲರ ಪಾತ್ರದಲ್ಲಿ ಅವರ ಮಗ ಮಾಲಿ ಮಾರ್ಷಲ್ ಇದ್ದಾರೆ. ತಂದೆ ಮಾರ್ಷಲ್ 1999ರಲ್ಲೇ ತೀರಿಕೊಂಡಿದ್ದರು. ತಂದೆ ಸೋತ ಆಟವನ್ನು ಮಗ ಮತ್ತೊಮ್ಮೆ ಆಡಿ ಮತ್ತೊಮ್ಮೆ ಸೋಲಬೇಕು! ಗೆದ್ದವರ ಸಂಭ್ರಮದ ಚಿತ್ರದಲ್ಲಿ ಸೋತವನಿಗೆ ಅವನ ರಕ್ತದವನನ್ನೇ ಸಾಕ್ಷಿಯಾಗಿ ಕೊಟ್ಟದ್ದು ದೊಡ್ಡ ಮರ್ಯಾದೆಯೆಂದು ನಾನು ತಿಳಿಯುತ್ತೇನೆ.

ಇಷ್ಟಾದರೂ ಒಂದು ಆಕ್ಷೇಪ ಉಳಿಯುತ್ತದೆ. ಯಾರಿಗೂ ನಷ್ಟವಾಗದಿದ್ದರೆ ಏನನ್ನು ಬೇಕಾದರೂ ಕಟ್ಟಿ ಹೇಳಬಹುದೇ? ಹೇಳಬಾರದು. ಯಕ್ಷಗಾನದ ಕರ್ಣನಿಗೆ ಕಿರೀಟವಿದೆ, ಮುಖದಲ್ಲಿ ಬಣ್ಣವಿದೆ. ‘ನಾನು ವೇಷ’ ಎಂದು ಅವನು ಮೊದಲೇ ಸಾರಿಕೊಂಡೇ ರಂಗಕ್ಕೆ ಬರುತ್ತಾನೆ. ‘83’ ಚಿತ್ರದಲ್ಲಿ ಆ 175ರ ಆಟ ನಡೆಯುವಾಗ ನಿಜವಾದ ಕಪಿಲ್ ದೇವ್ ಪ್ರೇಕ್ಷಕರ ನಡುವೆ ಕಾಣಿಸಿಕೊಳ್ಳುತ್ತಾರೆ. ಆಡುತ್ತಿರುವವನು ವೇಷಧಾರಿ, ಆಡಿದವನು ಇಲ್ಲಿದ್ದಾನೆ ಎಂದು ಚಿತ್ರವೇ ಒಪ್ಪಿಕೊಂಡಂತಾಯಿತು. ಹೀಗೆ ಒಪ್ಪಿಕೊಂಡ ಕಲ್ಪನೆ ಸುಳ್ಳಾಗುವುದಿಲ್ಲ.

ನನ್ನ ತಂದೆ ವೇಷ ಕಟ್ಟಿರಲಿಲ್ಲ. ಹಾಗಾಗಿ ಅವರ ಮೇಲೆ ಒಂದು ತಪ್ಪು ನಿಲ್ಲುತ್ತದೆ. ಆ ಹಿರಿಯರ ತಲೆಯ ಪೆಟ್ಟನ್ನು ತಮ್ಮದಾಗಿ ಮಾಡಿಕೊಂಡದ್ದು ಇನ್ನೊಂದು ತಪ್ಪು. ಮಗನೆಂಬ ಕಾರಣಕ್ಕೆ ನಾನು ಇವನ್ನು ಮುಚ್ಚಿಡಲಾರೆ. ಆದರೆ ಲೆಕ್ಕ ಹಾಕುವಾಗ ಮೂರನೆಯದೊಂದನ್ನೂ ಬರೆಯಬೇಕು. ಅಂಗಡಿಯ ಕಥೆಗಾಗಿ ಅವರು ಬಿಟ್ಟುಕೊಟ್ಟದ್ದು, ಮಳೆಯ ರಾತ್ರಿ ಮೂರು ವರ್ಷದ ಮಗುವಿನ ಹಣೆಗೆ ಒದ್ದೆ ಬಟ್ಟೆ ಹಾಕುತ್ತ ಎಚ್ಚರವಾಗಿದ್ದ ತಂದೆಯ ಕಥೆಯನ್ನು. ಅದನ್ನು ಅವರು ಒಂದು ದಿನವೂ ನನಗೆ ಹೇಳಲಿಲ್ಲ. ಹೇಳತಕ್ಕ ಸಂಗತಿಯೆಂದು ಅವರಿಗೆ ತೋರಿರಲಿಕ್ಕಿಲ್ಲ.

ಈಗ ನನ್ನ ಮಗಳು ಆ ಕಥೆಯನ್ನು ಕೇಳುತ್ತಾಳೆ. ಅಂಗಡಿಯಲ್ಲಿ ಆರು ಮಂದಿ ಇದ್ದರು ಎಂದೇ ಆರಂಭಿಸುತ್ತೇನೆ. ತೊಲೆಗೆ ಬಡಿದ ತಲೆಯನ್ನು ಅದರ ಒಡೆಯರಿಗೆ ಒಪ್ಪಿಸಿಯಾಗಿದೆ. “ಅಜ್ಜ ಆಗ ಎಲ್ಲಿದ್ದರು?” ಎಂದು ಅವಳು ಕೇಳಿದಾಗ ಕಥೆ ಸ್ವಲ್ಪ ಹೊತ್ತು ಲಾರ್ಡ್ಸನ್ನು ಬಿಟ್ಟು ನಮ್ಮ ಮನೆಗೆ ಬರುತ್ತದೆ.