ಬಿದ್ದವನ ಪ್ರಮಾದವೋ, ಏರಿಸಿದವನ ಪ್ರಮಾದವೋ?

ದುಡಿಮೆಯ ಸ್ಥಳದಲ್ಲಿ ಒಬ್ಬನು ಮೇಲಿನಿಂದ ಬಿದ್ದಾಗ ‘ಅವನು ಎಚ್ಚರ ತಪ್ಪಿದನು’ ಎಂಬ ಮಾತೇ ಲೋಕದಲ್ಲಿ ಮೊದಲು ಹೊರಡುತ್ತದೆ. ಈ ಮಾತು ಎಷ್ಟರ ಮಟ್ಟಿಗೆ ನ್ಯಾಯವೆಂಬುದು ವಿಚಾರಾರ್ಹ. ಹೆಲಿಕಾಪ್ಟರಿನ ದುರಸ್ತಿಯ ಕಾರ್ಯ ಇದಕ್ಕೆ ತಕ್ಕ ನಿದರ್ಶನ.

ಬೆಂಗಳೂರಿನಲ್ಲಿ ನಿರ್ಮಾಣಗೊಂಡು 1992ರಲ್ಲಿ ಮೊದಲ ಬಾರಿಗೆ ಹಾರಿದ ‘ಧ್ರುವ’ವೇ ಆಗಲಿ, ಅನ್ಯದೇಶದ ಯಂತ್ರವೇ ಆಗಲಿ, ಮುಖ್ಯ ರೋಟರು ಮತ್ತು ಅದನ್ನು ತಿರುಗಿಸುವ ಗೇರ್‌ಬಾಕ್ಸು ನೆತ್ತಿಯ ಭಾಗದಲ್ಲಿರುತ್ತವೆ. ಅವನ್ನು ಪರೀಕ್ಷಿಸುವವನು ಮೇಲೇರಲೇಬೇಕು. ಅಲ್ಲಿನ ಮೈ ಉಬ್ಬಿದ್ದು, ನುಣುಪಾದದ್ದು. ಎಣ್ಣೆಯೋ ಮಳೆಯೋ ತಗುಲಿದರೆ ಕಾಲು ನಿಲ್ಲದು. ಅವನ ದೃಷ್ಟಿಯಾದರೋ ಒಂದು ಬೋಲ್ಟಿನ ಮೇಲೆ, ಕೂದಲೆಳೆಯಂತಹ ಬಿರುಕಿನ ಮೇಲೆ ನೆಟ್ಟಿರಬೇಕು. ಹಾರುವವರ ಪ್ರಾಣ ಅದನ್ನು ಅವಲಂಬಿಸಿದೆ. ಪರರ ರಕ್ಷಣೆಗಾಗಿ ತನ್ನ ಗಮನವನ್ನೆಲ್ಲ ಕೊಟ್ಟವನಿಗೆ ತನ್ನ ಪಾದದ ಮೇಲೆ ಗಮನವಿರಲಿಲ್ಲವೆಂದು ದೋಷ ಹೊರಿಸುವುದು ಹೇಗೆ? ಆ ಪಾದದ ಎಚ್ಚರವನ್ನು ಅವನನ್ನು ಮೇಲೆ ಕಳಿಸಿದವನು ಮುಂಚಿತವಾಗಿಯೇ ವಹಿಸಬೇಕು.

‘ರಕ್ಷಣೆಯ ಪಟ್ಟಿಯನ್ನೂ ಹಗ್ಗವನ್ನೂ ಕೊಟ್ಟಿದ್ದೆವಲ್ಲ’ ಎಂದು ಯಜಮಾನರು ಹೇಳಬಹುದು. ಆದರೆ ಬಯಲಲ್ಲಿ ನಿಂತ ಯಂತ್ರದ ಮೇಲೆ ಹಗ್ಗವನ್ನು ಸಿಕ್ಕಿಸಲು ತೊಲೆಯೆಲ್ಲಿದೆ? ಮೂರು ಮೀಟರು ಎತ್ತರದಲ್ಲಿ ಹಗ್ಗ ಸಡಿಲವಾಗಿದ್ದರೆ, ಅದು ಬಿಗಿಯುವ ಮೊದಲೇ ದೇಹ ನೆಲ ಮುಟ್ಟಬಹುದು. ಆದುದರಿಂದಲೇ ಬ್ರಿಟನ್ನಿನ 2005ರ ನಿಯಮಗಳು ಒಂದು ಕ್ರಮವನ್ನು ವಿಧಿಸಿವೆ: ಸಾಧ್ಯವಿದ್ದರೆ ಎತ್ತರದ ಕೆಲಸವನ್ನೇ ತಪ್ಪಿಸಬೇಕು, ಇಲ್ಲವಾದರೆ ಬೀಳದಂತೆ ತಡೆಯಬೇಕು, ಅದೂ ಆಗದಿದ್ದರೆ ಬಿದ್ದರೂ ಪೆಟ್ಟು ಕಡಿಮೆಯಾಗುವಂತೆ ನೋಡಿಕೊಳ್ಳಬೇಕು. ನಮ್ಮ ದೇಶದ 1948ರ ಕಾರ್ಖಾನೆ ಅಧಿನಿಯಮವೂ ಎತ್ತರದಲ್ಲಿ ದುಡಿಯುವವನಿಗೆ ಬೇಲಿ ಮೊದಲಾದ ರಕ್ಷಣೆಯನ್ನು ಒದಗಿಸಬೇಕೆಂದು ಹೇಳಿತ್ತು.

ಗಾಲಿಗಳ ಮೇಲೆ ಸರಿಸಬಹುದಾದ, ಸುತ್ತಲೂ ಕಂಬಿಗಳುಳ್ಳ ಅಟ್ಟಣೆಯೇ ಇಲ್ಲಿ ಸರಿಯಾದ ಉಪಾಯ. ಅದಕ್ಕೆ ಹಣ ಬೇಕು. ಕೊಂಡ ದಿನವೇ ಆ ಮೊತ್ತ ಖರ್ಚಿನ ಬಾಬಿನಲ್ಲಿ ಕಾಣುತ್ತದೆ. ಅದರಿಂದಾಗಿ ಬೀಳದೆ ಉಳಿದವನು ಮಾತ್ರ ಯಾವ ಲೆಕ್ಕದ ಪುಸ್ತಕದಲ್ಲಿಯೂ ಕಾಣುವುದಿಲ್ಲ. ಲಾಭನಷ್ಟದ ಲೆಕ್ಕವನ್ನಷ್ಟೇ ನಂಬಿದವನು ಎಡವುವುದು ಇಲ್ಲಿಯೇ.

ಹಾಗೆಂದು ಕೆಲಸಗಾರನಿಗೆ ಹೊಣೆಯಿಲ್ಲವೆಂದಲ್ಲ. ಚೆಲ್ಲಿದ ಎಣ್ಣೆಯನ್ನು ಒರೆಸುವುದು, ಅಟ್ಟಣೆಯನ್ನು ತರುವಷ್ಟು ತಾಳ್ಮೆ ತೋರುವುದು, ಅವಸರದಲ್ಲಿ ಜಿಗಿಯದಿರುವುದು ಅವನ ಧರ್ಮ. ಆದರೆ ಕೊಡಬೇಕಾದುದನ್ನು ಕೊಟ್ಟ ನಂತರವೇ ಅದನ್ನು ಬಳಸಲಿಲ್ಲವೆಂದು ಕೇಳುವ ಅಧಿಕಾರ ಬರುತ್ತದೆ. ಬಿದ್ದ ಮೇಲೆ ತೋರುವ ಕನಿಕರ ದೊಡ್ಡದೇ. ಬೀಳದಂತೆ ಮೊದಲೇ ವಹಿಸುವ ಕಾಳಜಿ ಅದಕ್ಕಿಂತ ದೊಡ್ಡದು.